ಹನ್ನೊಂದಕ್ಕೆ ಭರ್ತಿ

ಆ ದಿನ ಏನೇನು ಹೋಯಿತೆಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಎರಡು ಅಗಲ ಬೆಲ್ಟು ಹೋದವು, ಎರಡು ದಿನದ ಕೆಲಸ ಹೋಯಿತು, ಒಂದು ತಿಮಿಂಗಿಲದ ಮರಿ ಸತ್ತಿತು. ಬೆಲ್ಟು ಹುಬ್ಬಳ್ಳಿಯಿಂದ ಮತ್ತೆ ತಂದುಕೊಂಡೆ. ಮರಿಯ ಸಾವಿಗೆ ನನ್ನ ಕಡೆಯಿಂದ ಎರಡು ಕಾರಣ. ಫೋನಿನಲ್ಲಿ ಕೇಳಿದ ಒಂದು ಶಬ್ದಕ್ಕೆ ನನ್ನ ಕಸುಬಿನ ಅರ್ಥ ಹಚ್ಚಿಕೊಂಡೆ. ಅದಕ್ಕೂ ಮೊದಲು, ಕೊಡಬಹುದಾದ ಒಂದು ಸಾಮಾನನ್ನು ಕೊಡುವುದಿಲ್ಲ ಎಂದೆ. ಶಬ್ದದ ವಿಷಯ ಎಲ್ಲರಿಗೂ ಹೇಳಿದ್ದೇನೆ, ಕೇಳಿದವರು ನಕ್ಕಿದ್ದಾರೆ. ಸಾಮಾನಿನ ವಿಷಯ ಬರೆಯುತ್ತಿರುವುದು ಇದೇ ಮೊದಲು.

ಯಲ್ಲಾಪುರದಲ್ಲಿ ನನ್ನದೊಂದು ಕ್ರೇನ್ ಇದೆ. ಅರಬೈಲ್ ಘಟ್ಟದಲ್ಲಿ ಬಿದ್ದ ಗಾಡಿಗಳನ್ನು ಎತ್ತುವುದು ಕೆಲಸ. ಸಾಮಾನ್ಯ ಲಾರಿಗೆ ಉಕ್ಕಿನ ಹಗ್ಗ ಸಾಕು. ಹಾಲಿನದೋ ಎಣ್ಣೆಯದೋ ಟ್ಯಾಂಕರ್ ಬಿದ್ದರೆ ಮಾತ್ರ ಉಕ್ಕಿನ ಹಗ್ಗ ಹಾಕುವಂತಿಲ್ಲ, ತಗಡನ್ನು ಕೊಯ್ದು ಒಳಗಿನದೆಲ್ಲ ಚರಂಡಿಗೆ ಹರಿಯುತ್ತದೆ. ಅದಕ್ಕೆ ಒಂದು ಗೇಣಿಗಿಂತ ಅಗಲದ ನೈಲಾನ್ ಬೆಲ್ಟು ಬೇಕು. ಅಂಥವು ಈ ಸುತ್ತಿನಲ್ಲಿ ನನ್ನ ಹತ್ತಿರ ಮಾತ್ರ ಇದ್ದವು. ಒಮ್ಮೆ ಶಿರಸಿ ರಸ್ತೆಯಲ್ಲಿ ಎಣ್ಣೆ ಟ್ಯಾಂಕರೊಂದನ್ನು ಒಂದು ನೆಗ್ಗೂ ಬೀಳದ ಹಾಗೆ ಎತ್ತಿ ನಿಲ್ಲಿಸಿದಾಗ, ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಜೀಪಿನಿಂದ ಇಳಿದು ಕೊನೆಯವರೆಗೆ ನಿಂತು ನೋಡಿ, ನನ್ನ ನಂಬರ್ ಬರೆದುಕೊಂಡು ಹೋಗಿದ್ದರು. ಆಮೇಲೆ ಅವರಿಗೆ ಕರಾವಳಿಗೆ ವರ್ಗವಾಯಿತು.

ಅವರ ಫೋನು ಬಂದಾಗ ಬೆಳಿಗ್ಗೆ ಏಳೂಕಾಲು. ನಾವು ಘಟ್ಟದ ಒಂದು ತಿರುವಿನಲ್ಲಿದ್ದೆವು. ಟೈಲ್ಸ್ ತುಂಬಿದ ಲಾರಿಯೊಂದು ಎಡಗಡೆಯ ಚಕ್ರಗಳನ್ನು ಚರಂಡಿಗೆ ಇಳಿಸಿ, ಗುಡ್ಡ ಕಡಿದ ಧರೆಗೆ ಒರಗಿತ್ತು. ಅರ್ಧ ಮಾಲು ಇಳಿಸಿ ಆಗಿತ್ತು, ಇನ್ನರ್ಧ ಇಳಿಯುತ್ತಿತ್ತು.

ಅಂಕೋಲೆಯ ಆಚೆ ಮೀನುಗಾರರು ದೋಣಿ ಕಟ್ಟುವ ಒಂದು ಸಣ್ಣ ಧಕ್ಕೆಯ ಪಕ್ಕದಲ್ಲಿ ತಿಮಿಂಗಿಲದ ಮರಿಯೊಂದು ಮರಳದಿಬ್ಬಕ್ಕೆ ಸಿಕ್ಕಿಬಿದ್ದಿದೆ ಎಂದರು ಅಧಿಕಾರಿಗಳು. ಇಪ್ಪತ್ತು ಅಡಿ ಇರಬಹುದು. ಜೀವ ಇದೆ, ಚೆನ್ನಾಗಿಯೇ ಇದೆ. ದಿಬ್ಬದ ಆಚೆ ಹದಿನೈದು ಮಾರು ದೂರಕ್ಕೆ ಆಳದ ನೀರು, ಅಲ್ಲಿಗೆ ದಾಟಿಸಿದರೆ ಆಯಿತು. ಊರಿನವರದೇ ಒಂದು ಕ್ರೇನ್ ಬರುತ್ತದೆ, ಆದರೆ ಅವರ ಹತ್ತಿರ ಇರುವುದು ಉಕ್ಕಿನ ಹಗ್ಗ, ಅದನ್ನು ಹಾಕಿದರೆ ಚರ್ಮ ಸೀಳುತ್ತದೆ. ಇಷ್ಟು ಹೇಳಿ, ನಿಮ್ಮ ಬೆಲ್ಟು ಎರಡನ್ನು ಯಾವುದಾದರೂ ಗಾಡಿಯಲ್ಲಿ ಕಳಿಸಿಕೊಡಲು ಆಗುತ್ತದೆಯೇ ಎಂದು ಕೇಳಿದರು.

ಘಟ್ಟದಲ್ಲಿ ನಿಮಿಷಕ್ಕೊಂದು ಗಾಡಿ ಕೆಳಗೆ ಇಳಿಯುತ್ತದೆ. ಪರಿಚಯದ ಡ್ರೈವರ್ ಒಬ್ಬನನ್ನು ಕೈ ಮಾಡಿ ನಿಲ್ಲಿಸಿ ಕ್ಯಾಬಿನ್ನಿಗೆ ಎಸೆದಿದ್ದರೆ ಒಂಬತ್ತಕ್ಕೆ ಬೆಲ್ಟು ಅಲ್ಲಿರುತ್ತಿದ್ದವು. ನಾನು ಹೇಳಿದ್ದು, "ಬೆಲ್ಟು ಬೇರೆ, ಕ್ರೇನ್ ಬೇರೆ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ ಸರ್. ಬಂದರೆ ಎರಡೂ ಬರ್ತದೆ."

ಹಾಗೊಂದು ಪದ್ಧತಿ ಇರಲಿಲ್ಲ. ಆ ಕ್ಷಣಕ್ಕೆ ಮಾಡಿಕೊಂಡದ್ದು.

ಅವರು ಒಪ್ಪಿದರು. ಒಪ್ಪಿದ ಮೇಲೆ ನನ್ನ ಪ್ರಶ್ನೆಗಳು ಶುರುವಾದವು. ಮಾತು ಮುಗಿಯದೆ ಹುಕ್ ಇಳಿಸಬಾರದು ಎನ್ನುವುದು ಘಟ್ಟದ ಕಸುಬಿನಲ್ಲಿ ಮೊದಲ ಪಾಠ. ತೂಕ ಎಷ್ಟು, ಕ್ರೇನ್ ನಿಲ್ಲುವ ನೆಲ ಕಲ್ಲೋ ಮರಳೋ, ದಾರಿಯಲ್ಲಿ ಕರೆಂಟಿನ ತಂತಿ ಎಷ್ಟು ಎತ್ತರ, ಡೀಸೆಲ್ ಯಾರದು, ಕಾದು ನಿಂತ ಹೊತ್ತಿಗೆ ಏನು, ಆಪರೇಟರಿಗೆ ಊಟ ಎಲ್ಲಿ, ಎಲ್ಲ ಕೇಳಿದೆ. ಒಂದೊಂದಕ್ಕೂ ಉತ್ತರ ಪಡೆದೆ. ಕೊನೆಗೆ ಅವರಿಗೇ ಸಾಕಾಯಿತು.

"ಎಲ್ಲ ಆಗ್ತದೆ ಮಾರಾಯ್ರೇ. ಹನ್ನೊಂದಕ್ಕೆ ಭರ್ತಿ ಅದೆ, ನೋಡ್ಕಂಡು ಬನ್ನಿ."

ಲಾರಿಯವರ ಬಾಯಲ್ಲಿ ಭರ್ತಿ ಎಂದರೆ ಮಾಲು ತುಂಬುವುದು. ಶಿರಸಿಯ ಮಂಡಿಯಲ್ಲಿ ಹತ್ತಕ್ಕೆ ಭರ್ತಿ ಎಂದರೆ ಹಮಾಲರು ಬರುವುದು ಹನ್ನೊಂದಕ್ಕೆ, ಮೊದಲ ಚೀಲ ಲಾರಿಗೆ ಬೀಳುವುದು ಹನ್ನೆರಡಕ್ಕೆ. ಹತ್ತಕ್ಕೆ ಸರಿಯಾಗಿ ಹೋಗಿ ನಿಂತ ಡ್ರೈವರನ್ನು ನೋಡಿದರೆ ಈ ಲೈನಿಗೆ ಹೊಸಬ ಎಂದು ಗೊತ್ತಾಗುತ್ತದೆ. ಕ್ಲೀನರ್ ಆಗಿದ್ದ ಕಾಲದಿಂದ ನನ್ನ ಮೈಗೆ ಹತ್ತಿದ ಲೆಕ್ಕ ಅದು. ಹಾಗಾಗಿ ನನ್ನ ಕಣ್ಣ ಮುಂದೆ ಬಂದ ಚಿತ್ರ ಇಷ್ಟು: ಹನ್ನೊಂದಕ್ಕೆ ಒಂದು ಲಾರಿ ಬರುತ್ತದೆ, ಮರಿಯನ್ನು ಎತ್ತಿ ಅದರಲ್ಲಿ ಇಡಬೇಕು, ಯಾವುದೋ ದೊಡ್ಡ ಬಂದರಿಗೆ ಒಯ್ದು ಬಿಡುತ್ತಾರೆ. ದಿಬ್ಬದ ಆಚೆಯೇ ಆಳದ ನೀರಿದೆ ಎಂದು ಅವರು ಹೇಳಿದ್ದು ಕಿವಿಗೆ ಬಿದ್ದಿತ್ತು. ಹಾಗಿದ್ದ ಮೇಲೆ ಲಾರಿ ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಹತ್ತು ಪ್ರಶ್ನೆ ಕೇಳಿದವನು ಹನ್ನೊಂದನೆಯದನ್ನು ಕೇಳಲಿಲ್ಲ.

ನನ್ನ ಆಪರೇಟರ್ ಮುಂಡಗೋಡಿನ ಕಡೆಯವನು, ಐವತ್ತು ದಾಟಿದವನು, ಹೆಚ್ಚು ಮಾತಿನವನಲ್ಲ. ಜೀವ ಇರುವ ಮೀನು ಎಂದು ಕೇಳಿ, "ಸಾಹೇಬ್ರ, ಇದನ್ನ ಬಿಟ್ಟು ಹೋಗೂಣೇನ್ರಿ?" ಎಂದ. ಟೈಲ್ಸ್ ಲಾರಿ ಎಲ್ಲಿಗೂ ಓಡಿಹೋಗುವುದಿರಲಿಲ್ಲ. ಬೇಡ, ಇದನ್ನು ಮುಗಿಸಿಯೇ ಹೋಗೋಣ, ಹನ್ನೊಂದೂವರೆಗೆ ತಲುಪಿದರೆ ಸಾಕು ಎಂದೆ.

ಒಂಬತ್ತೂಕಾಲಿಗೆ ಲಾರಿ ರಸ್ತೆಗೆ ಬಂತು. ಘಟ್ಟ ಇಳಿದು ಅವಲಕ್ಕಿ, ಚಹಾ ಮುಗಿಸುವ ಹೊತ್ತಿಗೆ ಅಧಿಕಾರಿಗಳು ಮತ್ತೆ ಫೋನ್ ಮಾಡಿ ಎಲ್ಲಿದ್ದೀರಿ ಎಂದರು. ಬಂದೇ ಬಿಟ್ಟೆವು ಎಂದೆ. ಈ ಕಸುಬಿನಲ್ಲಿ ಎಲ್ಲರೂ ಹೇಳುವ ಮಾತು ಅದು, ಕೇಳುವವರೂ ಅರ್ಧ ಗಂಟೆ ಸೇರಿಸಿಯೇ ತಿಳಿದುಕೊಳ್ಳುತ್ತಾರೆ. ಅವರು ತಿಳಿದುಕೊಳ್ಳಲಿಲ್ಲ. ಬಂದೇ ಬಿಟ್ಟರು ಎಂದು ನೀರಿನಲ್ಲಿದ್ದವರಿಗೆ ಕೂಗಿ ಹೇಳಿದ್ದು ನನಗೆ ಫೋನಿನಲ್ಲೇ ಕೇಳಿಸಿತು.

ಧಕ್ಕೆಯ ಹತ್ತಿರ ಗಾಡಿ ನಿಲ್ಲಿಸಿದಾಗ ಹನ್ನೊಂದೂವರೆ ಮೇಲೆ ಐದು ನಿಮಿಷ. ಜನ ತುಂಬಿದ್ದರು. ಊರಿನ ಕ್ರೇನ್ ಆಗಲೇ ಧಕ್ಕೆಯ ಮೇಲೆ ಕಾಲು ಊರಿ, ಬೂಮ್ ಎನ್ನುವ ಉದ್ದ ಕೈ ಚಾಚಿ ನಿಂತಿತ್ತು. ಮರಿ ಅಲ್ಲಿಂದ ಮೂವತ್ತಡಿ ದೂರದಲ್ಲಿ, ತೊಡೆಯಷ್ಟು ನೀರಿನಲ್ಲಿ, ದಡಕ್ಕೆ ಅಡ್ಡವಾಗಿ ಮಲಗಿತ್ತು. ಸ್ಲೇಟಿನ ಬಣ್ಣ. ಗಂಟಲಿನಿಂದ ಹೊಟ್ಟೆಯವರೆಗೆ ಉದ್ದುದ್ದ ಗೆರೆ. ನೆತ್ತಿಯ ಮೇಲೆ ಮೂಗಿನ ಹೊಳ್ಳೆಗಳು ತೆರೆದು, ಲಾರಿಯ ಏರ್ ಬ್ರೇಕ್ ಬಿಟ್ಟ ಹಾಗೆ ಒಂದು ಉಸಿರು ಬಂತು. ಹಳಸಿದ ಮೀನಿನ ವಾಸನೆಯ ಬಿಸಿ ಹನಿ ಗಾಳಿಯಲ್ಲಿ ಹಾರಿತು. ಅದರ ತಲೆಯ ಪಕ್ಕ ಪಶುವೈದ್ಯೆ ನಿಂತಿದ್ದರು, ಸಿದ್ದಾಪುರದ ಕಡೆಯವರು, ಅಲ್ಲಿಗೆ ಬಂದು ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಪಕ್ಕದಲ್ಲಿ ಒಬ್ಬ ಮುದುಕ ಮೀನುಗಾರ. ಬೆಳಿಗ್ಗೆ ದೋಣಿ ಇಳಿಸಲು ಬಂದಾಗ ಮರಿಯನ್ನು ಮೊದಲು ಕಂಡವನು ಅವನೇ.

ಅಧಿಕಾರಿಗಳು ನನ್ನ ಮುಖ ನೋಡಿ, ಹನ್ನೊಂದು ಅಂದಿದ್ದೆನಲ್ಲ ಎಂದರು. ನಾನು ಸುತ್ತ ಕಣ್ಣಾಡಿಸಿ, ಲಾರಿ ಎಲ್ಲಿ, ಭರ್ತಿ ಇನ್ನೂ ಶುರುವಾಗಿಲ್ಲವಲ್ಲ ಎಂದೆ.

"ಯಾವ ಲಾರಿ?" ಎಂದ ಮುದುಕ. ನಾನು ಭರ್ತಿ ಮಾಡುವ ಲಾರಿ ಎಂದೆ. ಅವನು ಸಮುದ್ರದ ಕಡೆ ಕೈ ತೋರಿಸಿದ.

"ಭರ್ತಿ ಅಂದ್ರೆ ನೀರಿಂದು, ಭಾಯಿ. ಮಾಲಿಂದಲ್ಲ. ಅದು ಆಗಿ ಹೋಯ್ತು. ಈಗ ಇಳಿತ."

ಸಮುದ್ರ ಉಬ್ಬಿ ಪೂರ್ತಿ ತುಂಬುವುದಕ್ಕೆ ಅಲ್ಲಿಯವರು ಭರ್ತಿ ಎನ್ನುತ್ತಾರೆ. ನಾವು ಉಬ್ಬರ ಎಂದು ಶಾಲೆಯಲ್ಲಿ ಕಲಿತದ್ದು. ಅವರ ಲೆಕ್ಕ ಹೀಗಿತ್ತು: ಹತ್ತಕ್ಕೆ ಬೆಲ್ಟು ಹಾಕಿ ಮುಗಿಸುವುದು, ಹನ್ನೊಂದಕ್ಕೆ ನೀರು ಸೊಂಟ ದಾಟಿ ಮೈ ಅರ್ಧ ತೇಲುವಾಗ ಕ್ರೇನಿನಿಂದ ಸ್ವಲ್ಪವೇ ಎತ್ತಿ, ತಲೆಯನ್ನು ಸಮುದ್ರದ ಕಡೆ ತಿರುಗಿಸಿ, ದಿಬ್ಬ ದಾಟಿಸುವುದು. ತೇಲುವ ಮೈಗೆ ತೂಕ ಇರುವುದಿಲ್ಲ. ಅದಕ್ಕೆ ಆ ಒಂದು ಗಂಟೆ.

ಊರಿನ ಕ್ರೇನಿನ ಮಾಲೀಕ ಒಂಬತ್ತರಿಂದ ಹಾಗೆಯೇ ನಿಂತಿದ್ದನಂತೆ. ಬೆಲ್ಟು ಒಂದು ಬಂದಿದ್ದರೆ ಹತ್ತೂವರೆಗೆ ಮುಗಿಸಿಬಿಡುತ್ತಿದ್ದೆವು ಎಂದ. ನನ್ನನ್ನು ದೂರಲು ಹೇಳಿದ್ದಲ್ಲ. ನಾನೇನು ಹೇಳಿ ಬೆಲ್ಟು ತಡೆದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಅಧಿಕಾರಿಗಳಿಗೆ ಗೊತ್ತಿತ್ತು, ಅವರು ಬೇರೆ ಕಡೆ ನೋಡಿದರು.

ನೀರು ಮೊದಲ ಗಂಟೆ ನಿಧಾನಕ್ಕೆ ಇಳಿಯುತ್ತದೆ, ಆಮೇಲೆ ಓಡುತ್ತದೆ, ಬೇಗ ಮಾಡಿದರೆ ಇನ್ನೂ ನೋಡಬಹುದು ಎಂದ ಮುದುಕ. ಮಾಡಿದೆವು. ಕ್ರೇನಿಗೆ ನಾಲ್ಕು ಕಾಲಿರುತ್ತವೆ, ಎತ್ತುವ ಮೊದಲು ಅವನ್ನು ಗಟ್ಟಿ ನೆಲಕ್ಕೆ ಊರಬೇಕು. ಧಕ್ಕೆಯ ಒಳ್ಳೆಯ ಜಾಗದಲ್ಲಿ ಊರಿನ ಕ್ರೇನ್ ಇತ್ತು, ನೀರು ಇಳಿಯತೊಡಗಿದ ಮೇಲೆ ಅದರ ಬಲ ಸಾಲುವಂತಿರಲಿಲ್ಲ. ಅದನ್ನು ಸರಿಸುವ ಹೊತ್ತಿನಲ್ಲಿ ನಮ್ಮದನ್ನು ಪಕ್ಕದಲ್ಲೇ ನಿಲ್ಲಿಸೋಣ ಎಂದುಕೊಂಡೆ. ಒಂದು ಕಾಲು ಚಿರೆಕಲ್ಲಿನ ಅಂಚು ಮುರಿದು ಒಳಗೆ ಹೋಯಿತು. ಎತ್ತಿ, ಮರದ ಹಲಗೆ ಕೊಟ್ಟು, ಮತ್ತೆ ಊರುವಷ್ಟರಲ್ಲಿ ಇಪ್ಪತ್ತು ನಿಮಿಷ.

ಮುಂದಿನ ಬೆಲ್ಟು ಎದೆಯ ರೆಕ್ಕೆಗಳ ಹಿಂದೆ ಬರಬೇಕು, ಇನ್ನೊಂದು ಬಾಲ ಶುರುವಾಗುವ ಮೊದಲು ಎಂದು ವೈದ್ಯೆ ಕೈಯಿಂದ ಮುಟ್ಟಿ ತೋರಿಸಿದರು. ಇಬ್ಬರು ಮೀನುಗಾರರು ಮುಳುಗಿ ಮೊದಲನೆಯದನ್ನು ಹೊಟ್ಟೆಯಡಿ ತೂರಿಸಿದರು. ಹನ್ನೆರಡೂಕಾಲಾಯಿತು. ಎರಡನೆಯದು ಹೋಗಲಿಲ್ಲ. ನೀರು ಇಳಿದಂತೆ ಮೈ ಮರಳಿನಲ್ಲಿ ಕೂರುತ್ತಿತ್ತು. ಇಬ್ಬರು ಆ ಕಡೆ, ಇಬ್ಬರು ಈ ಕಡೆ ನಿಂತು ಮರ ಕೊಯ್ಯುವ ಗರಗಸದ ಹಾಗೆ ಬೆಲ್ಟನ್ನು ಹಿಂದೆ ಮುಂದೆ ಎಳೆದು ಮರಳು ಬಿಡಿಸಿ, ಅಂತೂ ಒಂದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಅದೂ ಆಚೆ ಬಂತು. ಆಗ ನೀರು ಮೊಣಕಾಲಿಗಿತ್ತು.

ಹುಕ್ ಹಾಕಿದೆವು. ನನ್ನ ಕ್ರೇನ್ ಹತ್ತಿರದಲ್ಲಿ ಹನ್ನೆರಡು ಟನ್ ಎತ್ತುತ್ತದೆ. ಕೈ ಚಾಚಿದಷ್ಟೂ ಬಲ ಕಡಿಮೆ, ಮೂವತ್ತಡಿ ಚಾಚಿದರೆ ಎರಡು ಟನ್ನಿಗೆ ಮೈ ನಡುಗುತ್ತದೆ. ಮರಿ ಮೂರು ಟನ್ನಿಗೆ ಹತ್ತಿರ. ಅರ್ಧ ತೇಲುತ್ತಿದ್ದರೆ ಅದು ಒಂದು ಆಟದ ಕೆಲಸ. ಹಗ್ಗ ಬಿಗಿಯಾಯಿತು, ತೂಕ ಮೀರಿದ ಗಂಟೆ ಹೊಡೆಯಿತು.

"ಸಾಹೇಬ್ರ, ಲೋಡ್ ತೊಗೊಳಂಗಿಲ್ರಿ. ಹಿಂದಿನ ಕಾಲು ಎದ್ದೈತಿ."

ಬಗ್ಗಿ ನೋಡಿದೆ. ಹಿಂದಿನ ಕಾಲಿಗೂ ನೆಲಕ್ಕೂ ನಡುವೆ ಬೆಳಕು ಕಾಣುತ್ತಿತ್ತು. ಇಳಿಸಲು ಹೇಳಿದೆ.

ಎರಡು ಕ್ರೇನ್ ಸೇರಿ ಎತ್ತೋಣ ಎಂದು ನಾನೇ ಹೇಳಿದೆ. ಮುಂದಿನ ಬೆಲ್ಟು ನನ್ನ ಹುಕ್ಕಿಗೆ, ಹಿಂದಿನದು ಊರಿನವನ ಹುಕ್ಕಿಗೆ. ಅವನು ಹೂಂ ಎಂದ, ಬಾಡಿಗೆಯ ಮಾತೇ ಎತ್ತಲಿಲ್ಲ. ಎರಡು ಕ್ರೇನಿನಲ್ಲಿ ಒಂದು ಭಾರ ಎತ್ತುವುದಕ್ಕೆ ಆಪರೇಟರುಗಳು ಒಟ್ಟಿಗೆ ಕೆಲಸ ಮಾಡಿ ಪಳಗಿರಬೇಕು. ಇವರು ಒಬ್ಬರ ಮುಖ ಒಬ್ಬರು ಮೊದಲ ಸಲ ನೋಡಿ ಒಂದು ಗಂಟೆಯಾಗಿತ್ತಷ್ಟೇ. ಹಿಂದಿನ ಭಾಗ ಮೊದಲು ಎದ್ದಿತು. ಮೈ ಮುಂದಕ್ಕೆ ಜಾರಿ ನನ್ನ ಬೆಲ್ಟು ರೆಕ್ಕೆಯ ಬುಡಕ್ಕೆ ಸರಿಯಿತು, ರೆಕ್ಕೆ ಹಿಂದಕ್ಕೆ ಮಡಚಿಕೊಂಡಿತು. ಒಳಗೆಲ್ಲೋ ಹಸಿ ಬಿದಿರು ಮುರಿದ ಹಾಗೆ ಸದ್ದಾಯಿತು. ವೈದ್ಯೆ ನಿಲ್ಲಿಸಿ ಎಂದು ಎರಡೂ ಕೈ ಮೇಲೆತ್ತಿದರು. ಇಳಿಸಿದಾಗ ನೀರಿನಲ್ಲಿ ಕೆಂಪು ಎಳೆಗಳು ಹರಡಿದವು. ಮರಿ ಬಾಯಿಂದ ಏನೂ ಸದ್ದು ಮಾಡಲಿಲ್ಲ. ಅದರ ಎದೆ ನೀರಿನೊಳಗೆ ಗುಂಯ್ ಎಂದು ಒಮ್ಮೆ ನಡುಗಿದ್ದು, ನೀರಿಗಿಳಿದು ಪಕ್ಕದಲ್ಲಿ ನಿಂತಿದ್ದ ನನ್ನ ಮೊಣಕಾಲಿಗೆ ತಾಗಿತು.

ಅಲ್ಲಿಂದ ಜನ ಸುಮ್ಮನಿರಲಿಲ್ಲ. ಬಾಲಕ್ಕೆ ಹಗ್ಗ ಕಟ್ಟಿ, ಎರಡು ಯಂತ್ರದ ದೋಣಿಯಿಂದ ಎಳೆದುಬಿಡಿ, ಹಿಂದಿನಿಂದ ಜೆಸಿಬಿ ದೂಡಲಿ ಎಂದರು. ದೋಣಿಗಳು ಬಂದೂ ನಿಂತವು. ವೈದ್ಯೆ ಫೋನಿನಲ್ಲಿ ಯಾರೋ ತಿಳಿದವರನ್ನು ಕೇಳಿ ಬೇಡವೆಂದರು. ಅಧಿಕಾರಿಗಳು ಒಮ್ಮೆ ಅವರನ್ನು, ಒಮ್ಮೆ ಜನರನ್ನು ನೋಡಿ, ಕೊನೆಗೆ ನನ್ನ ಕಡೆ ತಿರುಗಿ, ಎಳೆಯುವ ಕೆಲಸ ನಿಮ್ಮದು, ನೀವು ಹೇಳಿ ಎಂದರು.

ನನಗೆ ತಿಮಿಂಗಿಲ ಗೊತ್ತಿರಲಿಲ್ಲ. ಹೂತ ಭಾರ ಗೊತ್ತಿತ್ತು. ಕೆಸರಿನಲ್ಲಿ ಹೊಟ್ಟೆ ಊರಿ ಕುಳಿತ ಬಸ್ಸೊಂದನ್ನು ಒಮ್ಮೆ ಹಿಂದಿನ ಆಕ್ಸಲ್ ಹಿಡಿದು ಎಳೆದಿದ್ದೆ. ಆಕ್ಸಲ್ ಕಿತ್ತು ಬಂತು, ಬಸ್ಸು ಅಲ್ಲೇ ಇತ್ತು. ಎಳೆದರೆ ಬಾಲ ಬರುತ್ತದೆ, ಮೈ ಬರುವುದಿಲ್ಲ ಎಂದೆ. ಆಪರೇಟರಿಗೆ ಹುಕ್ ಬಿಚ್ಚಿ ಬೂಮ್ ಮಡಚಲು ಹೇಳಿದೆ. ಕೈ ಹಾಕಿದ ಭಾರವನ್ನು ಅಲ್ಲೇ ಬಿಟ್ಟು ಬೂಮ್ ಮಡಚಿದ್ದು ಅದೇ ಮೊದಲು.

"ಘಟ್ಟದ ಮೇಲಿನವ್ರನ್ನ ಕರ್ದದ್ದೇ ತಪ್ಪು ಬಿಡು" ಎಂದು ಹಿಂದಿನಿಂದ ಯಾರೋ ಅಂದರು. "ಅವ್ರಿಗೆ ನೀರು ಅಂದ್ರೆ ಕೆರೆ."

ತಿರುಗಿ ನೋಡಲಿಲ್ಲ.

ಮುಂದಿನ ಭರ್ತಿ ರಾತ್ರಿ ಹನ್ನೊಂದೂವರೆಗೆ. ಅಲ್ಲಿಯವರೆಗೆ ಅದನ್ನು ಉಳಿಸಿಕೊಂಡರೆ ಬೆಲ್ಟು ಹೇಗೂ ಹಾಕಿಯೇ ಇದೆ, ಎತ್ತಬಹುದು ಎಂದು ನಿಶ್ಚಯವಾಯಿತು. ಜೆಸಿಬಿ ತರಿಸಿ ಸುತ್ತ ಮರಳು ತೆಗೆಸಿ ನೀರು ನಿಲ್ಲುವ ಹಾಗೆ ಹೊಂಡ ಮಾಡಿಸಿದೆವು. ಮರಳು ಬದಿಯಿಂದ ಕುಸಿಯುತ್ತಲೇ ಇತ್ತು. ನನ್ನ ಗಾಡಿಯ ತಾಡಪಾಲನ್ನು ನಾಲ್ಕು ಗಳಕ್ಕೆ ಕಟ್ಟಿ ನೆರಳು ಮಾಡಿದೆವು. ಮೀನು ಮಾರುವ ಹೆಂಗಸರು ಮನೆಯಿಂದ ಹಳೆಯ ಸೀರೆ ತಂದು ಒದ್ದೆ ಮಾಡಿ ಮೈಗೆ ಹೊದೆಸಿದರು, ಕೊಡಪಾನದಲ್ಲಿ ನೀರು ತಂದು ಹೊಯ್ದರು. ಒಬ್ಬ ನೆತ್ತಿಯ ಮೇಲೆಯೇ ಸುರಿಯಲು ಹೋದಾಗ ಅವರಲ್ಲೊಬ್ಬಳು, "ಮೂಗಿಗೆ ಹೊಯ್ತ್ಯಲ್ಲೋ, ನಿನ್ ಮೂಗಿಗೆ ಹೊಯ್ಲಾ?" ಎಂದು ಬೈದಳು.

ಜನರ ನಡುವೆ ಒಬ್ಬ ಫೋನಿನಲ್ಲಿ ವಿಡಿಯೋ ತೋರಿಸುತ್ತ ತಿರುಗುತ್ತಿದ್ದ. ಯಾವುದೋ ಹೊರದೇಶದ ಕಡಲ ತೀರ, ಬಂಡೆಯ ಮೇಲೆ ನೂರಾರು ಸೀಲುಗಳು, ಕಡಲಸಿಂಹಗಳು ಬಿಸಿಲಿಗೆ ಮೈ ಚಾಚಿ ಮಲಗಿದ್ದವು. ಹಸಿವಾದಾಗ ರೆಕ್ಕೆಗಾಲು ಊರಿ ಕುಪ್ಪಳಿಸಿ ನೀರಿಗೆ ಬೀಳುತ್ತಿದ್ದವು. ಇದೂ ಹಾಗೆಯೇ ಬಿಸಿಲು ಕಾಯಲು ಬಂದಿರಬೇಕು, ನೀವು ಸುಮ್ಮನಿದ್ದರೆ ತಾನೇ ಹೋಗುತ್ತದೆ ಎಂದು ಅವನ ವಾದ. ವೈದ್ಯೆ ಆ ವಿಡಿಯೋವನ್ನು ಪೂರ್ತಿ ನೋಡಿದರು. ಸೀಲಿಗೆ ಸಮುದ್ರ ಊಟದ ಮನೆ, ದಡ ಮಲಗುವ ಕೋಣೆ ಎಂದರು. ಅದು ಮರಿ ಹಾಕುವುದು ದಡದ ಮೇಲೆ, ಕೂದಲು ಉದುರಿಸಿಕೊಳ್ಳುವುದು ದಡದ ಮೇಲೆ, ಅದರ ಎಲುಬು ಎರಡೂ ಕಡೆಗೆ ತಯಾರಾಗಿದೆ. ಇದು ಹುಟ್ಟಿದ್ದೇ ನೀರಿನಲ್ಲಿ, ಒಂದು ದಿನವೂ ತನ್ನ ತೂಕ ತಾನು ಹೊತ್ತದ್ದಿಲ್ಲ. ನೀರು ಹೋದ ಕೂಡಲೇ ಅದರ ಮೈಯೇ ಅದರ ಎದೆಯ ಮೇಲೆ ಕೂರುತ್ತದೆ.

ಅವನು ಫೋನನ್ನು ಜೇಬಿಗಿಟ್ಟುಕೊಂಡ.

ಎರಡು ಗಂಟೆಗೆ ಊಟ ಬಂತು, ಬೆಳಿಗ್ಗೆ ನಾನು ಮಾತಾಡಿ ಒಪ್ಪಿಸಿಕೊಂಡಿದ್ದ ಊಟ. ಆಪರೇಟರ್ ಮುಟ್ಟಲಿಲ್ಲ. ನಾನೂ ಪೊಟ್ಟಣ ಬಿಚ್ಚಲಿಲ್ಲ.

ಆಮೇಲೆ ಮಾಡುವ ಕೆಲಸ ಕಾಯುವುದೊಂದೇ. ವೈದ್ಯೆ ಗಡಿಯಾರ ಹಿಡಿದು ಉಸಿರು ಎಣಿಸುತ್ತಿದ್ದರು. ನಾನು ಬಂದಾಗ ಎರಡು ನಿಮಿಷಕ್ಕೊಂದು ಇತ್ತು. ಎರಡೂವರೆಯ ಹೊತ್ತಿಗೆ ಅರ್ಧ ನಿಮಿಷಕ್ಕೊಂದು, ಗಿಡ್ಡ ಗಿಡ್ಡ. ಬೇಗ ಬೇಗ ಬರುವುದು ಒಳ್ಳೆಯದೇನೋ ಎಂದು ನಾನು ಅಂದುಕೊಂಡೆ. ಒಳ್ಳೆಯದಲ್ಲ ಎಂದರು. ನಾಲ್ಕರ ಮೇಲೆ ಮತ್ತೆ ದೂರ ದೂರವಾಯಿತು. ಪ್ರತಿ ಸಲ ಉಸಿರು ನಿಂತಾಗ ಅವರು ಅಂಗೈಯನ್ನು ಅದರ ಮೈಗೆ ಇಟ್ಟು ಕಾಯುತ್ತಿದ್ದರು. ಹೊಳ್ಳೆ ತೆರೆದ ಮೇಲೆ, ಯಾರಿಗೂ ಅಲ್ಲದ ಹಾಗೆ, ತಮ್ಮ ಮನೆಮಾತಿನಲ್ಲಿ "ಇನ್ನೂ ಇದ್ದು" ಎನ್ನುತ್ತಿದ್ದರು. ಇನ್ನೂ ಇದೆ ಎಂದು.

ನಡುವೆ ಒಮ್ಮೆ ಕೇಳಿಯೇ ಬಿಟ್ಟೆ: ಬೆಲ್ಟು ಒಂಬತ್ತಕ್ಕೆ ಬಂದಿದ್ದರೆ ಬದುಕುತ್ತಿತ್ತೇ ಎಂದು. ಅವರು ನನ್ನನ್ನು ಸಮಾಧಾನ ಮಾಡಲು ಹೋಗಲಿಲ್ಲ.

"ಹೇಳ್ಲಿಕ್ಕೆ ಬರೂದಿಲ್ಲ. ಮರಿ ಒಂದೇ ಬಂದು ಬಿದ್ದಿದೆ ಅಂದ್ರೆ ಮೊದಲೇ ಏನೋ ಆಗಿರ್ಬಹುದು. ಆಚೆ ಬಿಟ್ರೂ ವಾಪಸ್ ಬರ್ತಿತ್ತೋ ಏನೋ." ಅಂಗೈಯನ್ನು ಮತ್ತೆ ಅದರ ಮೈಗೆ ಇಟ್ಟು ಹೇಳಿದರು, "ಆದ್ರೆ ಹತ್ತು ಗಂಟೆಗೆ ಅದು ಬಾಲ ಬಡೀತಿತ್ತು. ನಾನು ನೋಡಿದೇನೆ."

ಅದರ ಕಣ್ಣು ತಲೆಯ ಬದಿಯಲ್ಲಿ, ಬಾಯಿಯ ಮೂಲೆಯ ಹತ್ತಿರ, ಎತ್ತಿನ ಕಣ್ಣಿಗಿಂತ ಸ್ವಲ್ಪ ದೊಡ್ಡದು. ಮರಳು ಬೀಳದ ಹಾಗೆ ಅದಕ್ಕೆ ನೀರು ಬಿಡುವ ಕೆಲಸವನ್ನು ನಾನು ತೆಗೆದುಕೊಂಡೆ. ಲೋಟದಿಂದ ನಿಧಾನವಾಗಿ ಬಿಟ್ಟರೆ ರೆಪ್ಪೆ ಮುಚ್ಚಿ ತೆರೆಯುತ್ತಿತ್ತು. ಐದು ದಾಟಿದ ಮೇಲೆ ನೀರು ಬಿಟ್ಟೆ, ಮುಚ್ಚಲಿಲ್ಲ. ಇನ್ನೊಂದು ಲೋಟ ಬಿಟ್ಟೆ. ವೈದ್ಯೆ ಬೆರಳಿನಿಂದ ಕಣ್ಣಿನ ಅಂಚು ಮುಟ್ಟಿದರು, ಗಡಿಯಾರ ನೋಡಿದರು, ಹತ್ತು ನಿಮಿಷ ಹಾಗೆಯೇ ಕಾದರು. ಆಮೇಲೆ ಸೀರೆಗಳನ್ನು ತೆಗೆಯಲು ಹೇಳಿದರು.

ನಾವು ಗಾಡಿಯಲ್ಲೇ ಮಲಗಿದೆವು, ಹೂಳುವುದಕ್ಕೆ ಕ್ರೇನ್ ಬೇಕಿತ್ತು. ಮೈ ಎಲ್ಲಿಗೂ ಹೋಗದಿರಲೆಂದು ಮುದುಕ ಬೆಲ್ಟಿನ ಕುಣಿಕೆಗೆ ದಪ್ಪ ಹಗ್ಗ ಹಾಕಿ ಧಕ್ಕೆಯ ಗೂಟಕ್ಕೆ ಕಟ್ಟಿದ್ದ. 

ಬೆಳಿಗ್ಗೆ ಇಳಿದು ನೋಡಿದರೆ ರಾತ್ರಿಯ ಭರ್ತಿ ಅದನ್ನು ಹೊಂಡದಿಂದ ಎತ್ತಿ, ಹಗ್ಗ ಬಿಟ್ಟಷ್ಟು ದೂರ ಒಯ್ದು, ತಿರುಗಿಸಿ ಇಟ್ಟಿತ್ತು. ತಲೆ ಸಮುದ್ರದ ಕಡೆಗಿತ್ತು. ಎರಡು ಕ್ರೇನು, ಒಂದು ಜೆಸಿಬಿ, ನಲವತ್ತು ಜನರಿಂದ ಆಗದ್ದನ್ನು ನೀರು ಯಾರ ಸಹಾಯವೂ ಇಲ್ಲದೆ ಮಾಡಿತ್ತು. ಆಪರೇಟರ್ ನನ್ನ ಪಕ್ಕ ಬಂದು ನಿಂತು ನೋಡಿ, ಬೂಮ್ ಬಿಚ್ಚಲು ಹೋದ.

ಅಳತೆಯಾಯಿತು, ಇಪ್ಪತ್ತಡಿ ಮೂರು ಇಂಚು. ಹೆಣ್ಣು. ವೈದ್ಯೆ ಚರ್ಮ, ಕೊಬ್ಬು, ಹೊಟ್ಟೆಯ ಒಳಗಿನದು ಎಲ್ಲದರ ಚೂರುಗಳನ್ನು ಬಾಟಲಿಗೆ ತುಂಬಿ ಚೀಟಿ ಅಂಟಿಸಿದರು. ಹೊಟ್ಟೆಯಲ್ಲಿ ಮೀನಿರಲಿಲ್ಲ, ಒಂದಿಷ್ಟು ಹಾಲಿನಂಥ ನೀರಿತ್ತು. ಅಲೆ ಮುಟ್ಟದಷ್ಟು ಮೇಲೆ ಜೆಸಿಬಿ ಹನ್ನೆರಡಡಿ ಆಳ ತೆಗೆಯಿತು. ಈ ಸಲ ಎರಡು ಕ್ರೇನೂ ಹತ್ತಿರ ನಿಂತಿದ್ದವು, ಆಪರೇಟರುಗಳು ಒಬ್ಬರ ಕೈ ಒಬ್ಬರು ನೋಡಿ ಸಮನಾಗಿ ಇಳಿಸಿದರು. ಮುದುಕ ಕಾಯಿ ಒಡೆದ. ಅಲ್ಲಿಯವರು ತಿಮಿಂಗಿಲಕ್ಕೆ ದೇವಮಾಸ ಎನ್ನುತ್ತಾರೆ, ದೇವರ ಮೀನು. ಬೆಲ್ಟು ಎಳೆದು ತೆಗೆಯಲೇ ಎಂದು ಆಪರೇಟರ್ ಕೇಳಿದ. ಎಳೆದರೆ ಮೈ ಮಗುಚುತ್ತದೆ, ಇರಲಿ ಎಂದೆ. ಮರಳು ಬಿತ್ತು.

ವಾರದ ಮೇಲೆ ಶಿರಸಿಗೆ ಹೋದಾಗ ಲಾರಿ ನಿಲ್ಲುವಲ್ಲಿ ಕುಳಿತು ಒಬ್ಬೊಬ್ಬ ಡ್ರೈವರನ್ನೂ ಕೇಳಿದೆ: ಹನ್ನೊಂದಕ್ಕೆ ಭರ್ತಿ ಎಂದರೆ ನೀನು ಎಷ್ಟಕ್ಕೆ ಹೋಗುತ್ತೀಯ? ಹನ್ನೆರಡಕ್ಕೆ ಎಂದ ಒಬ್ಬ. ಊಟ ಮಾಡಿಕೊಂಡು ಎಂದ ಇನ್ನೊಬ್ಬ. ಕುಮಟೆಯ ಕಡೆಯ ಒಬ್ಬ ಮಾತ್ರ ಬೀಡಿ ಬಾಯಿಂದ ತೆಗೆದು, "ನೀರಿಂದೋ, ಮಾಲಿಂದೋ?" ಎಂದ. ಇಷ್ಟೇ. ನಾನೂ ಇದೇ ಘಟ್ಟವನ್ನು ಇಷ್ಟು ವರ್ಷದಿಂದ ಹತ್ತಿ ಇಳಿದವನು, ನನ್ನ ಬಾಯಿಗೆ ಬರಬಹುದಾಗಿದ್ದ ಮಾತು.

ನೀವು ಓದುವವರು ಯಾವ ಕಸುಬಿನವರಾದರೂ ಕೆಲವು ವಿಷಯ ಹೇಳುತ್ತೇನೆ, ಕೇಳಿ. ಪರ ಊರಿನ ಕೆಲಸಕ್ಕೆ ಯಾರಾದರೂ ಹೊತ್ತು ಹೇಳಿದರೆ, ಆ ಹೊತ್ತಿಗೆ ಅಲ್ಲಿ ಏನಾಗುತ್ತದೆ, ನಾನು ಎಷ್ಟಕ್ಕೆ ನಿಂತಿರಬೇಕು ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ದಡದಲ್ಲಿ ತಿಮಿಂಗಿಲವೋ ಡಾಲ್ಫಿನ್ ಜಾತಿಯ ಹಂದಿಮೀನೋ ಜೀವಂತ ಬಿದ್ದದ್ದು ಕಂಡರೆ ಮೊದಲು ಅರಣ್ಯ ಇಲಾಖೆಗೆ ತಿಳಿಸಿ, ಭರ್ತಿ ಎಷ್ಟಕ್ಕೆ ಎಂದು ಅಲ್ಲಿಯ ಮೀನುಗಾರರನ್ನು ಕೇಳಿಟ್ಟುಕೊಳ್ಳಿ. ಬಾಲ ಹಿಡಿದು, ರೆಕ್ಕೆ ಹಿಡಿದು ಎಳೆಯಬೇಡಿ. ಬೆಳ್ಳಗಿನ ಒದ್ದೆ ಬಟ್ಟೆ ಹೊದೆಸಿ, ನೆತ್ತಿಯ ಹೊಳ್ಳೆಯನ್ನು ಮುಚ್ಚಬೇಡಿ, ಅದಕ್ಕೆ ನೀರು ಹೊಯ್ಯಬೇಡಿ. ರೆಕ್ಕೆಗಳ ಕೆಳಗೆ ಮರಳು ಬಗೆದು ಜಾಗ ಮಾಡಿ. ನಾಯಿಯನ್ನೂ ಫೋಟೋ ತೆಗೆಯುವವರನ್ನೂ ದೂರ ಇಡಿ. ಉಕ್ಕಿನ ಹಗ್ಗ ಹತ್ತಿರಕ್ಕೂ ಬರಬಾರದು, ಅಗಲ ಬೆಲ್ಟು ತರಿಸಿ.

ಬೆಲ್ಟು ಇರುವವನಿಗೆ ಫೋನ್ ಮಾಡಿದಾಗ ಅವನು ಮಾತು ಬೆಳೆಸಿದರೆ, ಡೀಸೆಲ್ ಯಾರದು, ಊಟ ಎಲ್ಲಿ ಎಂದು ಕೇಳುತ್ತ ಹೋದರೆ, ಫೋನ್ ಇಟ್ಟು ಇನ್ನೊಬ್ಬನಿಗೆ ಮಾಡಿ. ಆ ಕಡೆ ಇರುವವನು ನಾನೇ ಆದರೂ ಇಡಿ.